ಅಪ್ಪನನ್ನು ನೋಡಲು ಕೊಂಡ ಲ್ಯಾಪ್‌ಟಾಪ್

ನಮ್ಮ ಮನೆಯಲ್ಲಿ ಅಪ್ಪನ ಒಂದೇ ಒಂದು ಫೋಟೋ ಇರಲಿಲ್ಲ. ಮದುವೆಗೆ ಫೋಟೋದವನನ್ನು ಕರೆಸುವ ಅನುಕೂಲ ಎರಡೂ ಕಡೆಯವರಿಗೆ ಇರಲಿಲ್ಲ. ಆಮೇಲೆ ಎಂದಾದರೂ ತೆಗೆಸಿದರಾಯಿತು ಅಂದುಕೊಂಡಿದ್ದರಂತೆ. ಅಪ್ಪ ದಂಡೋತಿಯವನು, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದ. ನಾನಿನ್ನೂ ಅಂಬೆಗಾಲಿಡುತ್ತಿದ್ದ ಮಳೆಗಾಲದಲ್ಲಿ ಗಣಿಯ ಅಂಚು ಕುಸಿಯಿತು, ಅದರಡಿ ಸಿಕ್ಕು ಸತ್ತ. ಅವನಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅವ್ವನಿಗೂ ಖಚಿತವಾಗಿ ಗೊತ್ತಿಲ್ಲ.

ಫೋಟೋ ಇಲ್ಲದಿದ್ದರೂ ಅಪ್ಪ ಒಂದು ಹಿಂದಿ ಸಿನಿಮಾದಲ್ಲಿ ಇದ್ದ.

ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಚಿಂಚೋಳಿ ಕಡೆಯ ಚಿಮ್ಮನಚೋಡದಿಂದ ಬಂದು ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ಸೇರಿದ್ದರು. ಗಾಡಿಗಳಿಗೆ ಹಳಿ ಬದಲಿಸಿ ಕೊಡುವುದು, ಹಸಿರು ಕೆಂಪು ನಿಶಾನೆ ತೋರಿಸುವುದು ಅವರ ಕೆಲಸ. ಅಪ್ಪ ಸಾಯುವ ಮುಂಚಿನ ಬೇಸಿಗೆಯಲ್ಲಿ ಮುಂಬಯಿಯಿಂದ ಸಿನಿಮಾದವರು ಬಂದು ವಾಡಿ ಸ್ಟೇಷನ್ನಿನಲ್ಲಿ ಒಂದು ದಿನ ಶೂಟಿಂಗ್ ಮಾಡಿದರು. ನಾಯಕ ಊರು ಬಿಟ್ಟು ಹೋಗುವ ದೃಶ್ಯ. ಪ್ಲಾಟ್‌ಫಾರ್ಮಿನ ತುಂಬ ಜನ ಬೇಕಿತ್ತು. ಮಾವ ಶಹಾಬಾದಿನಿಂದ ಅಪ್ಪನನ್ನೂ ಕರೆಸಿಕೊಂಡರು. ಮುಂದೆ ಸಿನಿಮಾ ಬಂದಾಗ ಅಷ್ಟು ಜನರ ನಡುವೆ ಗುರುತು ಸಿಗಲಿ ಎಂದು ತಮ್ಮ ಹೊಸ ಕೆಂಪು ರುಮಾಲನ್ನು ತಾವೇ ಅವನ ತಲೆಗೆ ಸುತ್ತಿ, ಪ್ಲಾಟ್‌ಫಾರ್ಮಿನ ಮೇಲಿನ ಬ್ರಿಜ್ಜಿನಲ್ಲಿ ನಿಲ್ಲಿಸಿ ಡ್ಯೂಟಿಗೆ ಹೋದರು.

ಸಿನಿಮಾ ಶಹಾಬಾದಿನ ಟಾಕೀಸಿಗೆ ಬರುವ ಹೊತ್ತಿಗೆ ಅಪ್ಪ ಇರಲಿಲ್ಲ. ಮಾವ ಅವ್ವನನ್ನು ಕರೆದುಕೊಂಡು ಹೋಗಿ, ಆ ದೃಶ್ಯ ಬಂದಾಗ ಕತ್ತಲಲ್ಲಿ ಎದ್ದು ನಿಂತು ಬೆರಳು ಮಾಡಿ ತೋರಿಸಿದರಂತೆ. ಹಿಂದಿನವರು ಬೈದು ಕೂರಿಸಿದರಂತೆ. ನಾನು ಮೊದಲು ನೋಡಿದ್ದು ಪ್ರಾಥಮಿಕ ಶಾಲೆಯಲ್ಲಿದ್ದಾಗ, ಮಾವನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಬಾಡಿಗೆಗೆ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ. ಪರದೆಯ ತುಂಬ ಗೆರೆಗಳು. ಬ್ರಿಜ್ಜಿನ ಮೇಲೆ ಹುಣಸೆ ಬೀಜದಷ್ಟು ಒಂದು ಕೆಂಪು ಚುಕ್ಕೆ.

"ನೋಡು ಯವ್ವಾ, ಅಂವನೇ ನಿಮ್ಮಪ್ಪ" ಅಂದರು ಮಾವ.

ನಾನು ಟಿ.ವಿ.ಗೆ ಮೂಗು ತಾಗಿಸಿ ನೋಡಿದೆ. ಹತ್ತಿರ ಹೋದಷ್ಟೂ ಕೆಂಪು ಒಡೆದು ಚೂರುಚೂರಾಗುತ್ತಿತ್ತು. ಆದರೂ ಮರುದಿನ ಶಾಲೆಯಲ್ಲಿ, ನಮ್ಮಪ್ಪ ಸಿನಿಮಾದಲ್ಲಿ ಇದ್ದಾನೆ ಎಂದು ಎಲ್ಲರಿಗೂ ಹೇಳಿದೆ. ಮದುವೆ ಇರಲಿ, ನಾಮಕರಣ ಇರಲಿ, ನಾಲ್ಕು ಜನ ಸೇರಿದಲ್ಲಿ ಮಾವ ಆ ಕಥೆ ಹೇಳದೆ ಬಿಟ್ಟವರಲ್ಲ. ಕೆಂಪು ರುಮಾಲಿನ ಅಳಿಯ ಅಂದರೆ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು. ಆಮೇಲೆ ಕ್ಯಾಸೆಟ್ಟಿನ ಅಂಗಡಿಗಳು ಮುಚ್ಚಿದವು, ಆ ಸಿನಿಮಾ ಎಲ್ಲೂ ಸಿಗದಂತಾಯಿತು.

ನಾನು ಈಗ ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಸೇಡಂನಲ್ಲಿ, ನಾನು, ಅವ್ವ ಇಬ್ಬರೇ. ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುವುದು. ಹೋದ ಬೇಸಿಗೆಯಲ್ಲಿ ಅವ್ವನ ಎರಡೂ ಕಣ್ಣಿನ ಪೊರೆ ತೆಗೆಸಿದೆ. ಮಳೆ ಹಿಡಿಯುವ ಹೊತ್ತಿಗೆ ಅವಳು ತೊಗರಿ ಬೇಳೆಯಲ್ಲಿನ ಹರಳನ್ನು ಕನ್ನಡಕವಿಲ್ಲದೆ ಆರಿಸುತ್ತಿದ್ದಳು. ಅದೇ ದಿನಗಳಲ್ಲಿ ಒಂದು ಸಂಜೆ ಗಾಡಿಯಲ್ಲಿ ಕುಳಿತು ಫೋನು ನೋಡುತ್ತಿದ್ದೆ. ಸಿನಿಮಾ ತೋರಿಸುವ ಆ್ಯಪ್ ಒಂದರಲ್ಲಿ ಹಳೆಯ ಚಿತ್ರಗಳ ಸಾಲು ಬಂತು. ಅದರಲ್ಲಿ ನಮ್ಮ ಸಿನಿಮಾ ಇತ್ತು. ಮೂಲ ರೀಲಿನಿಂದ ಹೊಸದಾಗಿ ಶುಚಿಗೊಳಿಸಿದ ಪ್ರತಿ, ಎಚ್‌ಡಿ ಎಂದು ಹೆಸರಿನ ಕೆಳಗೆ ಬರೆದಿತ್ತು. ನಾನು ಫೋನನ್ನು ಮಡಿಲಲ್ಲಿ ಬೋರಲು ಹಾಕಿ ಕುಳಿತುಬಿಟ್ಟೆ. ಮೈಯೆಲ್ಲ ಬೆವರಿತ್ತು.

ಎದುರಿನ ಸೀಟಿನ ಹೆಂಗಸು "ಯಾಕ್ರಿ ಅಕ್ಕೋರೆ, ಏನಾಯ್ತು, ನೀರು ಕುಡೀತೀರೇನು?" ಎಂದು ಬಾಟಲಿ ಮುಂದೆ ಮಾಡಿದಳು. ಯಾರೋ ಸತ್ತ ಸುದ್ದಿ ಬಂದಿದೆ ಅಂದುಕೊಂಡಿರಬೇಕು.

ಮನೆಗೆ ಬಂದವಳೇ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಲ್ಯಾಪ್‌ಟಾಪ್ ತೆರೆದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಮಾಡಲು ಯಾರೋ ಬಳಸಿದ್ದನ್ನು ಕೊಂಡಿದ್ದೆ. ಚಂದಾ ಕಟ್ಟಿದೆ, ಸಿನಿಮಾ ಹಚ್ಚಿದೆ. ಸ್ಟೇಷನ್ ಬಂತು, ಬ್ರಿಜ್ ಬಂತು, ಕೆಂಪು ರುಮಾಲು ಬಂತು. ಎಲ್ಲವೂ ಮಬ್ಬು, ಒದ್ದೆ ಗಾಜಿನಾಚೆ ನಿಂತವರನ್ನು ನೋಡಿದ ಹಾಗೆ. ನೆಟ್ ನಿಧಾನವಿರಬೇಕೆಂದು ಪಾಠದ ಒಂದು ವಿಡಿಯೋ ಹಚ್ಚಿದೆ. ಅದು ಕನ್ನಡಿಯಂತೆ ಸ್ಪಷ್ಟವಾಗಿತ್ತು. ಮತ್ತೆ ಸಿನಿಮಾಕ್ಕೆ ಬಂದೆ, ಮತ್ತೆ ಮಬ್ಬು. ಫೋನಿನಲ್ಲೂ ಅದೇ ಕಥೆ.

ಆ ಚಿತ್ರವನ್ನಾದರೂ ಹಿಡಿದಿಟ್ಟುಕೊಂಡು ದೊಡ್ಡದು ಮಾಡಿ ನೋಡೋಣ ಎಂದು ಸ್ಕ್ರೀನ್‌ಶಾಟ್ ತೆಗೆದೆ. ತೆರೆದು ನೋಡಿದೆ. ಮೂಲೆಯಲ್ಲಿ ಗಡಿಯಾರ ಇತ್ತು, ಬ್ಯಾಟರಿಯ ಗುರುತು ಇತ್ತು. ಸಿನಿಮಾ ಇದ್ದ ಜಾಗದಲ್ಲಿ ಮಾತ್ರ ಇದ್ದಿಲು ಬಳಿದಂತೆ ಕಪ್ಪು. ಮತ್ತೆ ತೆಗೆದೆ, ಮತ್ತೆ ಕಪ್ಪು.

"ಅವರು ಹೋಗಿಬಿಟ್ರೇನು?" ಅಂದಳು ಅವ್ವ.

ಎರಡು ದಿನ ನಾನು ಆ ಆ್ಯಪ್‌ನವರ ಸಹಾಯದ ಪುಟಗಳನ್ನು ಓದಿದೆ. ಸಂಗತಿ ಹೀಗಿತ್ತು. ಯಾರೂ ನಕಲು ಮಾಡಬಾರದೆಂದು ಇಂಥ ಸಿನಿಮಾಗಳನ್ನು ಬೀಗ ಹಾಕಿ ಕಳಿಸುತ್ತಾರೆ. ಆ ಬೀಗ ತೆಗೆಯುವ ವ್ಯವಸ್ಥೆ ಲ್ಯಾಪ್‌ಟಾಪಿನೊಳಗಿನ ಚಿಪ್‌ನಲ್ಲೇ ಇರಬೇಕು. ಇದ್ದರೆ ಪೂರ್ತಿ ಸ್ಪಷ್ಟ ಚಿತ್ರ, ಇಲ್ಲವಾದರೆ ಬೇಕೆಂದೇ ಗುಣಮಟ್ಟ ಇಳಿಸಿದ ಚಿತ್ರ. ಟಿ.ವಿ.ಗೆ ಜೋಡಿಸಿ ನೋಡುವುದಾದರೆ ಲ್ಯಾಪ್‌ಟಾಪು, ಕೇಬಲ್ಲು, ಟಿ.ವಿ. ಇವುಗಳ ನಡುವೆ ಗುರುತು ಪರಿಚಯ ನಡೆಯಬೇಕು. ಅದಕ್ಕೆ ಎಚ್‌ಡಿಸಿಪಿ ಅನ್ನುತ್ತಾರೆ. ನಡುವೆ ಎಲ್ಲಿ ತಪ್ಪಿದರೂ ಪರದೆ ಕಪ್ಪಾಗಬಹುದು. ಆದ್ದರಿಂದ ಕೊಳ್ಳುವ ಮೊದಲೇ ಪರೀಕ್ಷಿಸಿ ಎಂದು ಬರೆದಿತ್ತು.

'ಬೇಕೆಂದೇ' ಅನ್ನುವ ಮಾತು ನನ್ನನ್ನು ದಂಗು ಬಡಿಸಿತು. ನಾನು ಇಷ್ಟು ವರ್ಷ ಕ್ಯಾಸೆಟ್ ಸವೆದಿದೆ, ರೀಲು ಕೆಟ್ಟಿದೆ ಅಂದುಕೊಂಡಿದ್ದೆ. ಈಗ ನೋಡಿದರೆ ಮುಖ ಅಲ್ಲೇ ಇದೆ, ಚೆನ್ನಾಗೇ ಇದೆ. ನನ್ನ ಕೈಲಿದ್ದ ಯಂತ್ರವನ್ನು ನಂಬಿ ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿಲ್ಲ.

ಅವ್ವನಿಗೆ ವಿವರಿಸಿದೆ. ಅವಳು ಕೇಳಿ, "ಹಂಗಾದ್ರ ನಾವು ಕಳ್ಳರೇನು?" ಅಂದಳು.

"ಅಲ್ಲವ್ವ. ಮಷೀನಿಗಿ ಅದು ಗೊತ್ತಾಗಂಗಿಲ್ಲ."

ದಸರಾ ರಜೆಯಲ್ಲಿ ಶಹಾಬಾದಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಲ್ಯಾಪ್‌ಟಾಪಿನ ಜೊತೆ ಟಿ.ವಿ.ಗಳನ್ನೂ ಮಾರುವ ಅಂಗಡಿ. ಮಾಲೀಕರು ನನ್ನ ವಯಸ್ಸಿನವರೇ.

"ಬರ್ರಿ ಅಕ್ಕೋರೆ, ಕುಂದ್ರಿ. ಶಾಲಿ ಕೆಲಸಕ್ಕೇನ್ರಿ?"

"ಇಲ್ರಿ. ಒಂದು ಸಿನಿಮಾ ನೋಡಬೇಕು."

ಅವರು ನಕ್ಕರು. "ಸಿನಿಮಾ ಯಾವುದರಾಗರ ನಡೀತದ ಬಿಡ್ರಿ."

"ಇದು ನಡೆಯಂಗಿಲ್ಲ. ತಗೊಳ್ಳೂಕ್ಕಿಂತ ಮೊದಲ ನಾನು ಇಲ್ಲೇ ಹಚ್ಚಿ ನೋಡಬೇಕ್ರಿ. ನಮ್ಮ ಮನೀ ಟಿ.ವಿ.ಯಂಥ ಟಿ.ವಿ.ಗೂ ಜೋಡಿಸಿ ನೋಡಬೇಕು."

ಬೇಡವೆನ್ನಲಿಲ್ಲ. ಮೊದಲು ಅವರು ರಿಪೇರಿ ಮಾಡಿ ಮಾರಲು ಇಟ್ಟಿದ್ದ ಒಂದನ್ನು ಕೊಟ್ಟರು. ನನ್ನ ಖಾತೆ ತೆರೆದು ಸಿನಿಮಾದ ಆರಂಭ ಹಚ್ಚಿದೆ. ಅದೇ ಒದ್ದೆ ಗಾಜು. ಅವರೂ ಬಗ್ಗಿ ನೋಡಿ, ಬೇರೆ ವಿಡಿಯೋ ಹಚ್ಚಿ ನೋಡಿ, "ಅರೇ, ಇದೇನ್ರಿ ಇದು" ಅಂದರು. ಆಮೇಲೆ ಹೊಸದೊಂದನ್ನು ಡಬ್ಬಿಯಿಂದ ತೆಗೆದರು. ಅದರಲ್ಲಿ ಮೊದಲ ಹೆಸರುಗಳು ಬಂದದ್ದೇ ತಡ, ಅಕ್ಷರಗಳ ಅಂಚು ಬ್ಲೇಡಿನಿಂದ ಕತ್ತರಿಸಿದಂತೆ ಕಂಡವು. ನಾಯಕಿಯ ಕಿವಿಯೋಲೆಯ ಹರಳು ಎಣಿಸಬಹುದಿತ್ತು. ನಾನು ಸ್ಟೇಷನ್ ದೃಶ್ಯಕ್ಕೆ ಹೋಗಲಿಲ್ಲ. ಅದನ್ನು ಮನೆಯಲ್ಲಿ, ಅವ್ವನ ಜೊತೆ ನೋಡಬೇಕೆಂದು ಮನಸ್ಸಿನಲ್ಲಿತ್ತು.

ಮಾಲೀಕರು ಕೇಬಲ್ ಎಳೆದು ಗೋಡೆಯ ಟಿ.ವಿ.ಗೆ ಜೋಡಿಸಿದರು. ಹಾಡು ಕೇಳಿಸಿತು, ಮಾತು ಕೇಳಿಸಿತು, ಪರದೆ ಕಗ್ಗಪ್ಪು. ಸಾಮಾನು ನೋಡುತ್ತಿದ್ದ ಗಿರಾಕಿಗಳೂ ತಿರುಗಿ ನೋಡಿದರು. ಕೇಬಲ್ ನೇರ ಟಿ.ವಿ.ಗೆ ಹೋಗಿರಲಿಲ್ಲ, ಅಂಗಡಿಯ ಎಲ್ಲ ಟಿ.ವಿ.ಗಳಿಗೂ ಒಂದೇ ಚಿತ್ರ ಹಂಚುವ ಸಣ್ಣ ಪೆಟ್ಟಿಗೆ ನಡುವೆ ಇತ್ತು. "ಇದನ್ನ ತಗದು ನೋಡೂಣ್ರಿ" ಎಂದು ಕೇಬಲ್ಲನ್ನು ಟಿ.ವಿ.ಗೇ ಚುಚ್ಚಿದರು. ಚಿತ್ರ ಮೂಡಿತು. ಅವರಿಗೆ ಸಮಾಧಾನವಾಗಿ, "ನಡುವ ಒಂದ್ಕಡಿ ನೋಡಿಬಿಡೂಣು, ಎಲ್ಲಾ ಕಡಿ ಹಿಂಗೇ ಬರ್ತದೇನಂತ" ಎನ್ನುತ್ತ ನಾನು ಬೇಡವೆನ್ನುವುದರೊಳಗೆ ಸಿನಿಮಾವನ್ನು ಮುಂದಕ್ಕೆ ಎಳೆದರು.

ಗೋಡೆಯ ತುಂಬ ವಾಡಿ ಸ್ಟೇಷನ್ ಬಂತು. ಬ್ರಿಜ್ಜಿನ ಕಬ್ಬಿಣಕ್ಕೆ ಹೊಡೆದ ಮೊಳೆಗಳೆಲ್ಲ ಕಾಣುತ್ತಿದ್ದವು. ಕ್ಯಾಮೆರಾ ಜನರ ಮೇಲೆ ನಿಧಾನವಾಗಿ ಸರಿದು ಕೆಂಪು ರುಮಾಲಿನ ಹತ್ತಿರ ಬಂತು.

ಅದು ಮುದುಕನ ಮುಖ. ಒಳಗೆ ಹೋದ ಕೆನ್ನೆ, ಬಿಳಿ ಗಡ್ಡದ ಕೂಳೆ, ತೆರೆದ ಬಾಯಲ್ಲಿ ಒಂದೇ ಹಲ್ಲು. ಅರವತ್ತು ದಾಟಿದ ಮನುಷ್ಯ ಬ್ರಿಜ್ಜಿನ ಕಂಬಿಗೆ ಒರಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ.

"ಕ್ಲಿಯರ್ ಅದ ಅಲ್ರಿ?" ಅಂದರು ಮಾಲೀಕರು.

"ಹೌದ್ರಿ" ಅಂದೆ. "ಭಾಳ ಕ್ಲಿಯರ್ ಅದ."

ಆಮೇಲೆ ಏನು ಹೇಳಿ ಹೊರಬಿದ್ದೆನೋ ನೆನಪಿಲ್ಲ. ಲ್ಯಾಪ್‌ಟಾಪ್ ಕೊಳ್ಳಲಿಲ್ಲ. ಸ್ಟೇಷನ್ನಿನವರೆಗೆ ನಡೆದೇ ಬಂದೆ. ನನ್ನ ತಲೆಯಲ್ಲಿ ಒಂದೇ ಮಾತು: ಅಪ್ಪ ಇಲ್ಲ. ಮೊದಲೂ ಇರಲಿಲ್ಲ, ಸರಿ; ಆದರೆ ಆ ಚುಕ್ಕೆ ಇತ್ತು. ಪರೀಕ್ಷೆ ಪಾಸಾದಾಗ, ಕೆಲಸ ಸಿಕ್ಕಾಗ ನಾನು ಮನಸ್ಸಿನಲ್ಲಿ ಆ ಬ್ರಿಜ್ಜಿನತ್ತ ನೋಡಿದ್ದೆ. ಅಲ್ಲಿದ್ದವನು ಯಾರೋ ಅಪರಿಚಿತ ಅಜ್ಜ.

ಶಹಾಬಾದಿನಿಂದ ಸೇಡಂಗೆ ಬರಲು ವಾಡಿಯಲ್ಲಿ ಗಾಡಿ ಬದಲಿಸಬೇಕು. ಮಾವ ನಿವೃತ್ತಿಯಾದ ಮೇಲೂ ಅಲ್ಲೇ ಇದ್ದಾರೆ. ನಾನು ಬರುವುದು ಗೊತ್ತಿದ್ದುದರಿಂದ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಾಯುತ್ತಿದ್ದರು, ಅದೇ ಬ್ರಿಜ್ಜಿನ ಕೆಳಗೆ.

"ತಗೊಂಡೇನು ಯವ್ವಾ?"

"ಇಲ್ಲ ಮಾಮಾ. ಇನ್ನೂ ನೋಡಾಕತ್ತೀನಿ."

"ನೋಡೇ ತಗೋ. ಈ ಸಲ ಮೀಸಿ ಸುದ್ದಾ ಕಾಣ್ತದ ನೋಡು. ಸಣ್ಣ ಮೀಸಿ ಇತ್ತು ಅಂವಂದು. ರುಮಾಲ ಸುತ್ತುವಾಗ ನಗ್ಲಿಕತ್ತಿದ್ದ."

ನಾನು ಅವರ ಮುಖ ನೋಡಲಾರದೆ ಗಾಡಿಯ ಕಡೆ ನೋಡಿದೆ. ಕಲ್ಲಿನ ಬಣ್ಣ, ಲೋಹದ ಸಾಂದ್ರತೆ ಎಂದು ಮಕ್ಕಳಿಗೆ ನಿಜ ಹೇಳುವುದೇ ನನ್ನ ಕೆಲಸ. ಅಂದು ನಿಜ ಹೇಳಲು ನಾಲಿಗೆ ಏಳಲಿಲ್ಲ. ಮಬ್ಬು ಮಬ್ಬಾಗಿಯೇ ಇದ್ದರೆ ಯಾರಿಗೆ ಏನು ನಷ್ಟ ಅನ್ನಿಸಿತು. ಲ್ಯಾಪ್‌ಟಾಪ್ ಯಾವುದೂ ಸರಿಹೋಗಲಿಲ್ಲ ಎಂದು ಹೇಳಿ ಮುಗಿಸಿಬಿಡಬಹುದು ಎಂದು ಚಿತ್ತಾಪುರ ದಾಟುವ ಹೊತ್ತಿಗೆ ತೀರ್ಮಾನಿಸಿದ್ದೆ.

ಅವ್ವ ಅಂಗಳದಲ್ಲಿ ರೊಟ್ಟಿಯ ಹಿಟ್ಟು ಸಾಣಿಸುತ್ತಿದ್ದಳು. ನಾನು ಚೀಲ ಇಳಿಸಿದ್ದನ್ನು ನೋಡಿ, ನನ್ನ ಮುಖ ನೋಡಿ, ಜರಡಿ ಕೆಳಗಿಟ್ಟಳು.

"ಕೆಂಪು ರುಮಾಲ ಕಟ್ಟಿದವರು ಅವರಲ್ಲ. ಹೌದಿಲ್ಲೋ?"

ಆ ದಿನ ಅಂಗಡಿಯಲ್ಲಿ ಆದದ್ದಕ್ಕಿಂತ ದೊಡ್ಡ ಪೆಟ್ಟು ಇದು. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕುಳಿತೆ.

"ನಿನಗ ಗೊತ್ತಿತ್ತೇನು?"

"ಟಾಕೀಸಿನ್ಯಾಗ ನೋಡಿದಾಗೇ ಅನಿಸಿತ್ತು. ನಿಮ್ಮಪ್ಪ ಎಂದೂ ಹಂಗ ಒರಗಿ ನಿಂತವರಲ್ಲ. ನಿಂತಲ್ಲಿ ನಿಲ್ಲೂ ಮನುಷ್ಯಾನೇ ಅಲ್ಲ ಅವರು."

"ಮತ್ಯಾಕ ಹೇಳಲಿಲ್ಲ?"

"ಅಣ್ಣ ಅಷ್ಟು ಹುರುಪಿಲೆ ಎದ್ದು ನಿಂತು ತೋರಿಸ್ಲಿಕತ್ತಿದ್ದ. ಸತ್ತು ಆರು ತಿಂಗಳಾಗಿತ್ತೋ ಇಲ್ಲೋ, ಅವನ ಕಣ್ಣಾಗ ನೀರು. ನಾ ಏನಂತ ಹೇಳಲಿ. ಆಮ್ಯಾಲ ನೀನೂ ದೊಡ್ಡಾಕಿ ಆದಿ, ಶಾಲ್ಯಾಗೆಲ್ಲ ಹೇಳಿ ಬಂದಿ." ಅವಳು ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ಅವರು ಆ ದಿನ ವಾಡಿಗಿ ಹೋಗಿದ್ದಂತೂ ಖರೆ. ಎಲ್ಲೋ ಇರಬೇಕು. ಕತ್ತಲದಾಗ, ಒಂದೇ ಸಲ ಓಡಿ ಹೋದ ಚಿತ್ರದಾಗ ನಾ ಎಲ್ಲಂತ ಹುಡುಕಲಿ. ನಾಳಿ ನನ್ನೂ ಕರ್ಕೊಂಡು ನಡಿ."

"ಮಾಮಾಗ ಏನ್ ಹೇಳೂದು?"

"ಅವನೂ ಬರಲಿ. ಅವನ ಕಣ್ಣಿಲೇ ನೋಡಲಿ."

ಮರುದಿನ ಮೂವರೂ ಶಹಾಬಾದಿಗೆ ಹೋದೆವು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಾಡಿಯಲ್ಲಿ ಹತ್ತಿದರು. ದಾರಿಯುದ್ದಕ್ಕೂ ಶೂಟಿಂಗಿನ ಮಾತೇ. ಅವ್ವ ಹ್ಞೂಂಗುಟ್ಟುತ್ತಿದ್ದಳು. ನಾನು ಕಿಟಕಿಯಿಂದ ಕಲ್ಲಿನ ರಾಶಿಗಳನ್ನು ನೋಡುತ್ತಿದ್ದೆ.

ಅಂಗಡಿಯ ಮಾಲೀಕರಿಗೆ ವಿಷಯ ಹೇಳಿದೆ. ಅವರು ಮೂರು ಕುರ್ಚಿ ತಂದು ಟಿ.ವಿ. ಮುಂದೆ ಹಾಕಿದರು. ನಿನ್ನೆಯ ಲ್ಯಾಪ್‌ಟಾಪನ್ನೇ ಜೋಡಿಸಿದರು. ಸ್ಟೇಷನ್ ಬಂತು. ಮಾವ ಹಳೆಯ ಅಭ್ಯಾಸದಂತೆ ಎದ್ದು ನಿಂತು ಬೆರಳು ಎತ್ತಿದರು. ಕೆಂಪು ರುಮಾಲು ಹತ್ತಿರ ಬಂತು. ಬೆರಳು ಗಾಳಿಯಲ್ಲೇ ನಿಂತಿತು.

"ಇಂವ ಯಾರು?" ಅಂದರು.

ನಾನು ಚಿತ್ರ ನಿಲ್ಲಿಸಿದೆ. ಮಾವ ಟಿ.ವಿ.ಯ ಹತ್ತಿರ ಹೋಗಿ ನೋಡಿದರು. ಹಿಂದಕ್ಕೆ ಬಂದು ನೋಡಿದರು.

"ಇಂವ ಹಮಾಲ. ನೀರಿನ ಟಾಕಿ ಹತ್ರ ಮಲಗತಿದ್ದ ಮುದುಕ. ರುಮಾಲ ನಂದೇ, ಅದರ ಅಂಚು ನೋಡು, ನಂದೇ. ಅಂವನ ತಲಿಗಿ ನಾನೇ ಸುತ್ತಿ ನಿಶಾನಿ ಹಿಡ್ಯಾಕ ಹೋದೆ. ಈ ಮುದುಕನ ತಲಿಗಿ ಹ್ಯಾಂಗ ಬಂತು?"

"ಬಿಸಲಿತ್ತಲ್ಲ" ಅಂದಳು ಅವ್ವ. "ಅವರೇ ಕೊಟ್ಟಿರಬೇಕು."

ಮಾವ ಕುರ್ಚಿಗೆ ಕುಸಿದರು. "ಇಷ್ಟು ವರ್ಷ ನಾ ಈ ಮುದುಕನ್ನ ತೋರಿಸಿ ನಿಮಗ..." ಎಂದರು. ಎಪ್ಪತ್ತರ ಹತ್ತಿರದ ಮನುಷ್ಯ, ತಂಗಿಯ ಎದುರು ತಲೆ ಎತ್ತದೆ ಕುಳಿತರು. ಮಾಲೀಕರು ನೀರು ತಂದುಕೊಟ್ಟು ದೂರ ಸರಿದರು.

ಅವ್ವ ಅವರ ಮೊಣಕೈ ಹಿಡಿದಳು. "ಅಣ್ಣಾ, ಮ್ಯಾಲ ನೋಡು. ಗಾಡಿ ಇನ್ನೂ ಬಿಟ್ಟಿಲ್ಲ."

ಚಿತ್ರ ಮುಂದೆ ಓಡಿಸಿದೆ. ನಾಯಕ ಗಾಡಿಯ ಡಬ್ಬಿ ಹತ್ತಿದ. ಗಾಡಿ ಕದಲಿತು. ಜನ ಜೊತೆಗೆ ಓಡತೊಡಗಿದರು. ಹಿಂದಿನ ಡಬ್ಬಿಯ ಬಾಗಿಲಲ್ಲಿ ಒಬ್ಬ ಹುಡುಗ ಕಂಬಿ ಹಿಡಿದು ಹೊರಗೆ ಬಾಗಿ, ಓಡಿ ಬರುತ್ತಿದ್ದ ಒಬ್ಬಳ ಗಂಟನ್ನು ಎಳೆದುಕೊಂಡ. ಆಮೇಲೆ ಅವಳ ಕೈ ಹಿಡಿದು ಮೇಲೆ ಎತ್ತಿದ. ಗಾಡಿ ನಮ್ಮನ್ನು ದಾಟುವಾಗ ಅವನು ಕ್ಯಾಮೆರಾದ ಕಡೆ ತಿರುಗಿ ನೋಡಿಬಿಟ್ಟ, ನೋಡಬಾರದು ಎಂದು ಹೇಳಿದ್ದರೂ ನೋಡಿದವನ 'ಸಿಕ್ಕಿಬಿದ್ದೆ' ಅನ್ನುವ ಮುಖದಲ್ಲಿ.

"ನಿಲ್ಸು" ಅಂದಳು ಅವ್ವ.

ನನ್ನ ಬೆರಳು ತಡವಾಯಿತು. ಹಿಂದಕ್ಕೆ ಎಳೆದು ನಿಲ್ಲಿಸಿದೆ.

"ಕೈ ನೋಡು. ಕಂಬಿ ಹಿಡಿದ ಎಡಗೈ."

ಹೆಬ್ಬೆರಳಿನ ತುದಿಯ ಗೆಣ್ಣು ಇರಲಿಲ್ಲ. ಗಣಿಯಲ್ಲಿ ಕಲ್ಲು ಸೀಳುವಾಗ ಚಪ್ಪಡಿಯಡಿ ಸಿಕ್ಕು ಹೋಯಿತಂತೆ, ಮದುವೆಗೆ ಮೊದಲೇ. ನನಗೆ ಇದು ಗೊತ್ತೇ ಇರಲಿಲ್ಲ. ಅಪ್ಪನ ಬಗ್ಗೆ ಅವ್ವ ಹೇಳಿದ್ದೆಲ್ಲ ಅವನ ಮಾತು, ಅವನ ಸಿಟ್ಟು, ಅವನ ಊಟದ ಮಾತುಗಳು. ಗಂಡನ ಮೈಯ ಬಗ್ಗೆ ಹೆಂಗಸು ಮಗಳಿಗೆ ಏನು ಹೇಳಿಯಾಳು.

"ಅಂವನೇ" ಅಂದರು ಮಾವ, ಬಾಯಿ ಮೇಲೆ ಕೈಯಿಟ್ಟುಕೊಂಡು. "ಅಂವನೇ ತಂಗಿ. ಗಾಡ್ಯಾಗ ಯಾವಾಗ ಹತ್ತಿದ ಇಂವ?"

ನಾನು ಆ ಮುಖ ನೋಡಿದೆ. ನನಗೆ ಆದದ್ದು ದುಃಖ ಅಲ್ಲ, ಸಂತೋಷವೂ ಅಲ್ಲ, ಗಾಬರಿ. ಅವನು ತೀರ ಸಣ್ಣವನಾಗಿದ್ದ. ಮೀಸೆ ಆಗಷ್ಟೇ ಮೂಡಿತ್ತು, ಕುತ್ತಿಗೆ ತೆಳ್ಳಗಿತ್ತು. ನಮ್ಮ ಶಾಲೆಯಿಂದ ನಾಲ್ಕಾರು ವರ್ಷದ ಹಿಂದೆ ಪಾಸಾಗಿ ಹೋದ ಹುಡುಗರು ಈಗ ಹೀಗಿದ್ದಾರೆ; ದಾರಿಯಲ್ಲಿ ಸಿಕ್ಕರೆ ನಾನು ಹೆಸರು ಹಿಡಿದು ಕರೆದು, ಏನೋ, ಓದು ಬಿಟ್ಟೆಯಾ ಎಂದು ಗದರುತ್ತೇನೆ. ನನ್ನ ಅಪ್ಪ ಆ ಹುಡುಗರಂತೆ ನನಗೆ 'ಅಕ್ಕೋರೆ' ಎಂದು ತಲೆಬಾಗಿಸುವ ವಯಸ್ಸಿನವನು. ಅವನ ಮೂಗು ನನ್ನದೇ ಮೂಗು. ಅದನ್ನು ಆ ಎಳೆಯ ಮುಖದಲ್ಲಿ ನೋಡುತ್ತ ನನ್ನ ಮೂಗನ್ನು ಮುಟ್ಟಿಕೊಂಡೆ.

ಅವ್ವ ಕುರ್ಚಿಯಿಂದ ಎದ್ದಿರಲಿಲ್ಲ. ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಇಷ್ಟು ಸಣ್ಣವರಿದ್ರೇನು" ಅಂದಳು. ಆಮೇಲೆ, ನಮಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯದ ದನಿಯಲ್ಲಿ, "ನಾ ದಿನಾ ಅವರ ಕೂಡ ಮಾತಾಡ್ಕೋತ ಬಂದೀನಿ. ನನಗ ತಲಿ ಬೆಳ್ಳಗಾದಂಗ ಅವರಿಗೂ ಆಗ್ಯಾದ ಅಂತ ತಿಳ್ಕೊಂಡಿದ್ದೆ. ಇಂವ ಹುಡುಗ ಅದಾನ. ಇಂವ ಏನ್ ತಿಳ್ಕೊಂತಿದ್ದ ನನ್ನ ಮಾತು" ಅಂದಳು.

ನಾನು ಬೆಚ್ಚಿ ಅವಳ ಕಡೆ ತಿರುಗಿದೆ. ನಾನು ಹುಟ್ಟಿದಂದಿನಿಂದ ಅಪ್ಪನನ್ನು ಅವಳು 'ಅವರು' ಅಂದದ್ದನ್ನು ಬಿಟ್ಟು ಬೇರೆ ಕೇಳಿಲ್ಲ. ಸಿಟ್ಟಿನಲ್ಲೂ ಕೇಳಿಲ್ಲ. ಈಗ ಮಗನನ್ನು ಅನ್ನುವಂತೆ 'ಇಂವ' ಅಂದಿದ್ದಳು, ಅಂದದ್ದು ಅವಳಿಗೆ ಗೊತ್ತೂ ಆಗಿರಲಿಲ್ಲ.

ಆ ಲ್ಯಾಪ್‌ಟಾಪನ್ನೇ ಕೊಂಡೆ. ಅಂಗಡಿಯಲ್ಲಿ ಸರಿಯಾಗಿ ನಡೆದ ಅದೇ ಕೇಬಲ್ಲನ್ನೂ ಕೇಳಿ ತೆಗೆದುಕೊಂಡೆ. ಮನೆಯ ಟಿ.ವಿ. ಅದನ್ನು ಒಪ್ಪುತ್ತದೋ ಇಲ್ಲವೋ ಎಂಬ ಅಂಜಿಕೆ ದಾರಿಯಿಡೀ ಇತ್ತು. ಒಪ್ಪಿತು. ಹೊಸ ಲ್ಯಾಪ್‌ಟಾಪಿನಲ್ಲೂ ಸ್ಕ್ರೀನ್‌ಶಾಟ್ ಕಪ್ಪಾಗಿಯೇ ಬಂತು. ಸ್ಪಷ್ಟವಾಗಿ ತೋರಿಸುತ್ತದೆ, ಇಟ್ಟುಕೊಳ್ಳಲು ಬಿಡುವುದಿಲ್ಲ. ಫೋನಿನಿಂದ ಟಿ.ವಿ. ಪರದೆಯ ಫೋಟೋ ತೆಗೆದೆ. ಅದರ ಮೇಲೆ ನೀರಿನ ಅಲೆಯಂಥ ಗೆರೆಗಳು ಬಿದ್ದವು. ಅವ್ವನಿಗೆ ತೋರಿಸಿದರೆ, "ಇದು ಬ್ಯಾಡ. ಅವರು ಓಡೂ ಗಾಡ್ಯಾಗೇ ಇರಲಿ" ಅಂದಳು.

ಮಾವ ಒಂದು ವಾರ ಫೋನು ಎತ್ತಲಿಲ್ಲ. ಅವ್ವನೇ ವಾಡಿಗೆ ಹೋಗಿ ಅವರನ್ನು ಸೇಡಂಗೆ ಕರೆತಂದಳು. ಅಂದು ಭಾನುವಾರ. ಊಟವಾದ ಮೇಲೆ ಅವಳಿಗೆ ಹೊಸ ಆಸೆ ಹುಟ್ಟಿತು.

"ಈ ಸಿನಿಮಾದ ಕಥಿ ಏನು? ಆವತ್ತು ಟಾಕೀಸಿನ್ಯಾಗ ಆ ಸ್ಟೇಷನ್ ಮುಗದ ಮ್ಯಾಲ ನನಗೇನೂ ತಿಳೀಲಿಲ್ಲ."

ಆಗ ಹೊಳೆಯಿತು, ನಮ್ಮ ಮೂವರಲ್ಲಿ ಒಬ್ಬರೂ ಆ ಸಿನಿಮಾವನ್ನು ಮನಸ್ಸಿಟ್ಟು ಪೂರ್ತಿ ನೋಡಿಲ್ಲ. ಮೊದಲಿನಿಂದ ಹಚ್ಚಿದೆ. ಕಥೆಯಲ್ಲಿ ಹುರುಳಿರಲಿಲ್ಲ. ಅವ್ವ ನಾಯಕನನ್ನು ಮಧ್ಯೆ ಮಧ್ಯೆ ಬೈದಳು. ಸ್ಟೇಷನ್ ಬಂತು. ಮುದುಕ ಬಂದ, ಹೋದ. ಮಾವ ಅವನತ್ತ ಬೆರಳು ಮಾಡಲಿಲ್ಲ. ಗಾಡಿ ಕದಲಿತು, ಬಾಗಿಲಲ್ಲಿದ್ದ ಹುಡುಗ ಗಂಟಿನ ಹೆಂಗಸನ್ನು ಮೇಲೆತ್ತಿಕೊಂಡ, ನಮ್ಮತ್ತ ನೋಡಿದ, ದಾಟಿ ಹೋದ.

"ಅಣ್ಣಾ, ಆ ಗಾಡಿ ಎಲ್ಲಿಗಿ ಹೋಗ್ತದ?" ಅಂದಳು ಅವ್ವ.

"ಎಲ್ಲಿಗೂ ಇಲ್ಲ. ಔಟರ್ ಸಿಗ್ನಲ್ ತನಕ ಹೋಗಿ ನಿಂತು ಮತ್ತ ಹಿಂದ ಬಂತು. ಮಧ್ಯಾಹ್ನ ಪೂರಾ ಅದೇ ಕೆಲಸ. ನಾನೇ ಹಸರು ನಿಶಾನಿ ತೋರಿಸ್ಲಿಕತ್ತಿದ್ದೆ. ಅದಕ್ಕೇ ಡಬ್ಬಿ ಕಡಿ ನೋಡ್ಲಿಲ್ಲ ನಾನು."

"ಹಂಗಾದ್ರ ಇವರು ಪ್ರತಿ ಸಲ ಓಡಿ ಹತ್ತಿದ್ರೇನು?"

"ಹತ್ತಿರಬೇಕು. ಹಿಂದ ಬಂದಾಗ ಇಳದು ಚಾ ಕುಡಿದಿರಬೇಕು. ಸಂಜಿಕಡಿ ಸಿಕ್ಕಾಗ ಅಂಗಿ ತೊಯ್ದು ತೊಪ್ಪಿ ಆಗಿತ್ತು. ಇನ್ನೊಂದ್ಸಲ ಅಂದ್ರ ಇನ್ನೊಂದ್ಸಲ ಅಂತಾರ ಮಾಮಾ, ಇವರಿಗಿ ಬ್ಯಾಸರಿಲ್ಲ ಅಂದ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಇದನ್ನ ಇಷ್ಟು ದಿನ ಯಾಕ ಹೇಳ್ಲಿಲ್ಲ ನೀನು?"

"ರುಮಾಲಿನ ಕಥಿ ಹೇಳೂದ್ರಾಗೇ ಆಯ್ತಲ್ಲ ಎಲ್ಲಾ" ಅಂದರು ಮಾವ. "ಮತ್ತೇನೇನಾಯ್ತು ಅಂತ ತಡಿ, ನೆನಪು ಮಾಡ್ಕೊಂತೀನಿ."

ಟಿ.ವಿ.ಯಲ್ಲಿ ಸಿನಿಮಾ ತನ್ನ ಪಾಡಿಗೆ ಓಡುತ್ತಿತ್ತು. ಮಾವ ಚಕ್ಕಳಮಕ್ಕಳ ಹಾಕಿ ಕುಳಿತು ಶೂಟಿಂಗಿನ ಆ ದಿನದ ಬೆಳಗಿನಿಂದ ಹೇಳತೊಡಗಿದರು.